ಬರೆಯುತ್ತಿರುವ ಕಾದಂಬರಿಗೂ ಕಾಯುವವರು ಬೇಕು

ಮಾನ್ಯ ಸಂಪಾದಕರಿಗೆ,

ವಂದನೆಗಳು.

ಕನ್ನಡದಲ್ಲಿ ಹೊಸ ಕಾದಂಬರಿಕಾರರು ಏಕೆ ಹೆಚ್ಚಾಗಿ ಕಾಣಿಸಿಕೊಳ್ಳುತ್ತಿಲ್ಲ ಎಂಬ ಪ್ರಶ್ನೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಆಗಾಗ ಚರ್ಚೆಗೆ ಬರುತ್ತಿರುತ್ತದೆ. ಓದುಗರು ಕಡಿಮೆಯಾಗಿದ್ದಾರೆ, ಪ್ರಕಾಶಕರು ಹೊಸಬರ ಮೇಲೆ ಹಣ ಹಾಕಲು ಹಿಂಜರಿಯುತ್ತಾರೆ, ಮೊಬೈಲು ಎಲ್ಲರ ಸಂಜೆಗಳನ್ನೂ ನುಂಗಿ ಹಾಕಿದೆ ಎಂದು ಬಲ್ಲವರು ಕಾರಣ ಕೊಟ್ಟಿದ್ದಾರೆ. ಅವು ಯಾವುವೂ ಸುಳ್ಳಲ್ಲ. ಆದರೆ ಇವೆಲ್ಲ ಬರೆದು ಮುಗಿದ ಕಾದಂಬರಿಗೆ ಎದುರಾಗುವ ಕಷ್ಟಗಳು. ಬರೆಯಲು ಆರಂಭಿಸಿ, ನಾಲ್ಕನೆಯ ಅಧ್ಯಾಯಕ್ಕೋ ಏಳನೆಯ ಅಧ್ಯಾಯಕ್ಕೋ ನಿಂತು, ಟ್ರಂಕಿನಲ್ಲಿಯೋ ಕಂಪ್ಯೂಟರಿನ ಮೂಲೆಯಲ್ಲಿಯೋ ಉಳಿದುಹೋಗುವ ಕಾದಂಬರಿಗಳ ಬಗ್ಗೆ ಯಾರೂ ಮಾತನಾಡುವುದಿಲ್ಲ. ಅಂಥ ಒಂದು ಕರಡನ್ನು ಈಗ ಬರೆಯುತ್ತಿರುವ ನಾನು, ಅದು ಎಲ್ಲಿ ನಿಂತಿತು, ಮತ್ತೆ ಹೇಗೆ ನಡೆಯತೊಡಗಿತು ಎಂಬುದನ್ನು ತಿಳಿಸಿ, ಅದರಿಂದ ಹುಟ್ಟಿದ ಎರಡು ಕೋರಿಕೆಗಳನ್ನು ತಮ್ಮ ಮುಂದೆ ಇಡಲು ಈ ಪತ್ರ ಬರೆಯುತ್ತಿದ್ದೇನೆ. ಪತ್ರ ದೀರ್ಘವಾಗಿದ್ದರೆ ದಯಮಾಡಿ ಮನ್ನಿಸಬೇಕು.

ಸಾಗರ ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ 31 ವರ್ಷ ಕನ್ನಡ ಕಲಿಸಿ 2022ರಲ್ಲಿ ನಿವೃತ್ತನಾದೆ. ನಿವೃತ್ತಿಯ ಮರುವಾರವೇ ಒಂದು ಕಾದಂಬರಿಗೆ ಕೈಹಾಕಿದೆ. ವಸ್ತುವನ್ನು ಹುಡುಕಬೇಕಾಗಿರಲಿಲ್ಲ. ನಮ್ಮ ಸೀಮೆಯಲ್ಲಿ ಹುಟ್ಟಿದವರಿಗೆ ಶರಾವತಿಯ ಹಿನ್ನೀರು ಕಣ್ಣೆದುರಿಗೇ ಇದೆ. ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು 1948ರಲ್ಲಿ ಆಯಿತು. ಅದರ ನೀರಿಗೆ ಒಂದಷ್ಟು ಊರುಗಳು ಹೋದವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಆ ಹಳೆಯ ಅಣೆಕಟ್ಟನ್ನೇ ಹೊಸ ನೀರು ಮುಚ್ಚಿತು. ಮಳೆ ಕೈಕೊಟ್ಟ ವರ್ಷ ಬೇಸಿಗೆಯ ಕೊನೆಗೆ ನೀರು ಇಳಿದಾಗ ಹಳೆಯ ಅಣೆಕಟ್ಟು ಮೇಲೇಳುತ್ತದೆ, ಜನ ನೋಡಲು ಹೋಗುತ್ತಾರೆ. ಎರಡು ನೀರಿಗೂ ಮನೆ ಕೊಟ್ಟ ಕುಟುಂಬವೊಂದರ ಕಥೆಯನ್ನು ಬರೆಯಬೇಕೆಂಬುದು ನನ್ನ ಬಹು ವರ್ಷಗಳ ಆಸೆ. ಸಾಗರದವರೇ ಆದ ನಾ. ಡಿಸೋಜ ಅವರು ಲೋಕೋಪಯೋಗಿ ಇಲಾಖೆಯ ನೌಕರಿಯಲ್ಲಿ ಇದ್ದುಕೊಂಡೇ ಮುಳುಗಡೆಯ ಬದುಕನ್ನು ಕನ್ನಡ ಕಾದಂಬರಿಗೆ ತಂದವರು. 2025ರ ಜನವರಿಯಲ್ಲಿ ಅವರು ನಮ್ಮನ್ನು ಅಗಲಿದರು. ಅವರು ನಡೆದ ದಾರಿಯಲ್ಲಿ ನನ್ನ ಹೆಜ್ಜೆಗೆ ಜಾಗ ಉಳಿದಿದೆಯೇ ಎಂಬ ಅಳುಕು ಇದ್ದೇ ಇತ್ತು, ಈಗಲೂ ಇದೆ.

ಆದರೆ ನನ್ನನ್ನು ಕಟ್ಟಿಹಾಕಿದ್ದು ಆ ಅಳುಕಲ್ಲ. ಮೊದಲ ಎರಡು ವರ್ಷ ನಾನು ಬರೆದದ್ದು ಒಟ್ಟು 14 ಪುಟ. ಮೊದಲ ಅಧ್ಯಾಯವನ್ನು ಹನ್ನೊಂದು ಬಾರಿ ಬರೆದೆ. ಒಂದು ಸಲ ಮಳೆಯಿಂದ ಆರಂಭ, ಇನ್ನೊಂದು ಸಲ ಸರ್ವೆಯವರು ಬಂದು ಕಲ್ಲು ನೆಟ್ಟು ಹೋಗುವುದರಿಂದ ಆರಂಭ, ಮತ್ತೊಂದು ಸಲ ಹಿನ್ನೀರು ದಾಟಿಸುವ ಲಾಂಚಿಗಾಗಿ ಕಾಯುತ್ತ ನಿಂತ ಮುದುಕನಿಂದ ಆರಂಭ. ಬೆಳಿಗ್ಗೆ ಬರೆದ ವಾಕ್ಯವನ್ನು ಸಂಜೆ ಓದಿದರೆ ಅದು ಶಾಲೆಯ ಪ್ರಬಂಧದಂತೆ ಕೇಳುತ್ತಿತ್ತು. ಹೊಡೆದುಹಾಕುತ್ತಿದ್ದೆ. ಮರುದಿನ ಅದೇ ವಾಕ್ಯ ಇನ್ನೊಂದು ವೇಷದಲ್ಲಿ ಬರುತ್ತಿತ್ತು. ಮೂರು ದಶಕ ಮಕ್ಕಳ ಉತ್ತರಪತ್ರಿಕೆಗಳಲ್ಲಿ ಕೆಂಪು ಶಾಯಿಯ ಗೆರೆ ಎಳೆದ ಕೈಗೆ ತನ್ನ ಬರಹದ ಮೇಲೆ ಗೆರೆ ಎಳೆಯದೆ ಮುಂದೆ ಹೋಗುವುದು ಸಾಧ್ಯವಾಗುತ್ತಿರಲಿಲ್ಲ.

ಇದಕ್ಕೆ ನಾನು ತರಗತಿಯಲ್ಲಿ ಮಾಡುತ್ತಿದ್ದ ಒಂದು ಪಾಠವೂ ಕಾರಣವೆಂದು ಆಮೇಲೆ ಹೊಳೆಯಿತು. ಹಲಗೆ ಬಳಪ ಹಿಡಿಯದಿರುವುದು, ಒಮ್ಮೆ ಇಟ್ಟ ಪದವನ್ನು ಅಳಿಸದಿರುವುದು ತನ್ನ ಅಗ್ಗಳಿಕೆಯೆಂದು ಗದುಗಿನ ಕುಮಾರವ್ಯಾಸ ಹೇಳಿಕೊಂಡ ಪದ್ಯವನ್ನು ಪ್ರತಿ ವರ್ಷ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ನಿಜವಾದ ಕವಿಗೆ ಕರಡು ಬೇಕಾಗುವುದಿಲ್ಲ ಎಂದು ಮಕ್ಕಳು ಅದರಿಂದ ತಿಳಿದುಕೊಂಡರು. ನಾನೂ ಹಾಗೆಯೇ ತಿಳಿದಿದ್ದೆ. ನಿವೃತ್ತಿಯ ನಂತರ, ಬರೆಯಲಾಗದೆ ಕುಳಿತ ಒಂದು ಮಧ್ಯಾಹ್ನ, ಆ ಪದ್ಯವನ್ನು ಬೇರೊಂದು ಕಣ್ಣಿನಿಂದ ಓದಿದೆ. ಎಲ್ಲ ಕವಿಗಳೂ ಅಳಿಸದೆ ಬರೆಯುತ್ತಿದ್ದರೆ ಅದು ಅಗ್ಗಳಿಕೆ ಹೇಗಾದೀತು? ಉಳಿದವರೆಲ್ಲ ಹಲಗೆ ಬಳಪ ಹಿಡಿದು, ಬರೆದು, ಒರೆಸಿ, ಮತ್ತೆ ಬರೆಯುತ್ತಿದ್ದರು ಎಂಬುದಕ್ಕೆ ಆ ಪದ್ಯವೇ ಸಾಕ್ಷಿ. ಅದೇ ಪದ್ಯದಲ್ಲಿ, ಬರೆಯುವಾಗ ಕಂಠಪತ್ರದ, ಎಂದರೆ ಕಂಠದಿಂದ ಕೊರೆದು ಬರೆಯುವ ಓಲೆಗರಿಯ, ಸದ್ದು ನಡುವೆ ಕೆಡದಿರುವುದನ್ನೂ ಕವಿ ತನ್ನ ಹಿರಿಮೆಗಳಲ್ಲಿ ಒಂದಾಗಿ ಎಣಿಸಿದ್ದಾನೆ. ಮೊದಲ ಕರಡು ಬರೆಯುವವರು ಕುಮಾರವ್ಯಾಸನಿಂದ ಕಲಿಯಬೇಕಾದದ್ದು ಈ ಸದ್ದನ್ನು ಎಂದು ನನಗೆ ತೋರುತ್ತದೆ. ಅಳಿಸದಿರುವ ಶಕ್ತಿ ಎಲ್ಲರಿಗೂ ಒಲಿಯುವಂಥದ್ದಲ್ಲ, ಆದರೆ ನಿಲ್ಲಿಸದಿರುವುದನ್ನು ಅಭ್ಯಾಸ ಮಾಡಿಕೊಳ್ಳಬಹುದು.

ಅಭ್ಯಾಸಕ್ಕೆ ದಾರಿಯನ್ನೂ ಅವನ ಬಗೆಗಿನ ಐತಿಹ್ಯವೇ ತೋರಿಸಿತು. ವೀರನಾರಾಯಣನ ಗುಡಿಯಲ್ಲಿ ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲಿ ಕಂಬಕ್ಕೆ ಒರಗಿ ಕುಳಿತರೆ, ಬಟ್ಟೆ ಒಣಗುವವರೆಗೆ ಮಾತ್ರ ಅವನಿಗೆ ಕಾವ್ಯ ಬರುತ್ತಿತ್ತು ಎನ್ನುತ್ತಾರೆ. ಭಕ್ತಿಯ ಕಥೆಯೆಂದು ಇದನ್ನು ಹೇಳುವುದು ರೂಢಿ. ದಿನಕ್ಕೆ ಇಷ್ಟೇ ಹೊತ್ತು ಎಂಬ ಲೆಕ್ಕವೂ ಅದರೊಳಗೆ ಇದೆ. ನಮ್ಮ ಮನೆಯಲ್ಲಿ ಈಗಲೂ ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ ಹಾಕಿ ಹಂಡೆಯಲ್ಲಿ ನೀರು ಕಾಯಿಸುತ್ತೇವೆ. ಬೆಳಿಗ್ಗೆ ಐದಕ್ಕೆ ಒಲೆ ಹಚ್ಚಿ, ನೀರು ಕಾದು ಮನೆಯವರು ಕರೆಯುವವರೆಗೆ ಬರೆಯುವುದೆಂದು ಗೊತ್ತುಮಾಡಿಕೊಂಡೆ. ಚಳಿಗಾಲದಲ್ಲಿ ಒಂದೂವರೆ ತಾಸು ಸಿಗುತ್ತದೆ, ಬೇಸಿಗೆಯಲ್ಲಿ ಮುಕ್ಕಾಲು ತಾಸು. ಮಳೆಗಾಲದಲ್ಲಿ ಸಿಪ್ಪೆ ಹಸಿಯಾಗಿ ಒಲೆ ಬೇಗ ಹತ್ತುವುದಿಲ್ಲವಾದ್ದರಿಂದ ನನ್ನ ಕಾದಂಬರಿಯ ಹೆಚ್ಚಿನ ಪುಟಗಳು ಮಳೆಗಾಲದಲ್ಲಿಯೇ ಆಗಿವೆ.

ಇಷ್ಟಾದರೂ ಬರಹ ಮುಂದೆ ಸಾಗಲಿಲ್ಲ. ಹೊತ್ತು ಗೊತ್ತಾಯಿತು, ಪುಟ ಏರಲಿಲ್ಲ. ಏರಿದ್ದು ನೆರೆಯ ಹಿರಿಯರೊಬ್ಬರ ಜಗಲಿಯಲ್ಲಿ ಅದನ್ನು ಓದತೊಡಗಿದ ಮೇಲೆ. ಈ ಪತ್ರದಲ್ಲಿ ನಾನು ಮುಖ್ಯವಾಗಿ ಹೇಳಬೇಕಾದದ್ದು ಇದನ್ನೇ.

ಆ ಅಮ್ಮನಿಗೆ ಈಗ ಎಪ್ಪತ್ತೈದು ದಾಟಿದೆ. ದೀವರ ಮನೆತನ, ಹದಿಮೂರು ಹದಿನಾಲ್ಕರ ಪ್ರಾಯದಲ್ಲಿ ಮುಳುಗಡೆಯ ಊರು ಬಿಟ್ಟು ಬಂದವರು. 2024ರ ಭೂಮಿ ಹುಣ್ಣಿಮೆಯ ಹಿಂದಿನ ದಿನ, ನನ್ನ ನಾಲ್ಕನೆಯ ಅಧ್ಯಾಯದಲ್ಲಿ ಬರುವ, ಆ ಹಬ್ಬದ ನೈವೇದ್ಯವನ್ನು ಗದ್ದೆಗೆ ಒಯ್ಯುವ ಭೂಮಣ್ಣಿ ಬುಟ್ಟಿಯ ಬಗ್ಗೆ ಕೇಳಲು ಅವರ ಮನೆಗೆ ಹೋಗಿದ್ದೆ. ಕೆಮ್ಮಣ್ಣು ಬಳಿದು ಒಣಗಿಸಿದ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಅರೆದ ಅಕ್ಕಿಯ ಬಿಳಿಯಲ್ಲಿ ಪುಂಡಿ ನಾರಿನ ಕುಂಚವನ್ನು ಅದ್ದಿ ಚಿತ್ತಾರ ಬರೆಯುತ್ತಿದ್ದರು. ಕಣ್ಣಿಗೆ ಪೊರೆ ಬಂದಿರುವುದರಿಂದ ಗೆರೆ ಅಲ್ಲಲ್ಲಿ ಜಾರುತ್ತಿತ್ತು. ಜಾರಿದ ಗೆರೆಯನ್ನು ಅವರು ಒರೆಸಲಿಲ್ಲ, ಅದರ ಪಕ್ಕಕ್ಕೆ ಇನ್ನೊಂದು ಗೆರೆ ತಂದು ಎರಡನ್ನೂ ಸೇರಿಸಿ ಮುಂದಕ್ಕೆ ಹೋದರು. ನನ್ನ ಕೈಯಲ್ಲಿದ್ದ ನೋಟ್‌ಬುಕ್ ನೋಡಿ, “ಎಂಥದು ಮೇಷ್ಟ್ರೇ, ಓದಿ ನೋಡುವಾ” ಎಂದರು. ಓದಿದೆ. ನನ್ನ ಕಾದಂಬರಿಯನ್ನು ಬೇರೆಯವರು ಕೇಳಿದ್ದು ಅದೇ ಮೊದಲು.

ನೀರು ಊರಿಗೆ ಬರುವ ಭಾಗವನ್ನೇ ಆ ದಿನ ಓದಿದ್ದೆ. ರಾತ್ರಿ ಭೋರ್ಗರೆಯುತ್ತ ನೀರು ನುಗ್ಗಿತು, ಜನ ಮಕ್ಕಳನ್ನು ಎತ್ತಿಕೊಂಡು ಗುಡ್ಡಕ್ಕೆ ಓಡಿದರು ಎಂದು ಮೂರು ಪುಟ ಬರೆದಿದ್ದೆ. ಅವರು ಕುಂಚ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: “ನೀರು ಹಂಗೆ ಬರ್ಲಿಲ್ಲ ಮೇಷ್ಟ್ರೇ. ಮಳೆಗಾಲದಾಗೆ ಬಾವಿ ತುಂಬೂದು ಯಾವತ್ತೂ ಇದ್ದಿದ್ದೇ. ಆ ವರ್ಷ ಮಳೆ ಬಿಟ್ರೂ ಬಾವಿ ಇಳೀಲಿಲ್ಲ. ದೀವಳಿಗೆ ಆದ್ರೂ ಹಗ್ಗ ಬೇಕಾಗ್ಲಿಲ್ಲ, ಬಗ್ಗಿ ಕೊಡಪಾನದಾಗೆ ಮೊಗೀತಿದ್ವಿ. ನಾವು ಸಣ್ಣೋರಿಗೆ ಖುಷಿಯೋ ಖುಷಿ. ಅವ್ವ ಮಾತ್ರ ಬಾವಿಕಟ್ಟೆ ಮೇಲೆ ಕೂತು ಹಗ್ಗ ಸುತ್ತಿಟ್ಲು.”

ಆ ಹಗ್ಗ ಸುತ್ತಿಡುವ ಕೈಯನ್ನು ನಾನು ಎಷ್ಟು ವರ್ಷ ಕುಳಿತರೂ ಕಲ್ಪಿಸಿಕೊಳ್ಳುತ್ತಿರಲಿಲ್ಲ. ಮನೆಗೆ ಬಂದು ಆ ಮೂರು ಪುಟ ಹರಿದುಹಾಕಲು ಹೊರಟವನು ಹರಿಯಲಿಲ್ಲ. ಅಂಚಿನಲ್ಲಿ “ಬಾವಿ, ಹಗ್ಗ” ಎಂದಷ್ಟೇ ಬರೆದು ಐದನೆಯ ಅಧ್ಯಾಯಕ್ಕೆ ಹೋದೆ. ಏಕೆಂದರೆ ಹೊರಡುವಾಗ ಅವರು, “ಮುಂದಿನ ವಾರ ಬರ್ರಿ, ಆ ಹೆಣ್ಣು ಏನ್ ಮಾಡ್ತಾಳೆ ಕೇಳ್ಬೇಕು” ಎಂದಿದ್ದರು. ಮುಂದಿನ ಭಾನುವಾರ ಅವರಿಗೆ ಬೇಕಾಗಿದ್ದದ್ದು ತಿದ್ದಿದ ನಾಲ್ಕನೆಯ ಅಧ್ಯಾಯವಲ್ಲ, ಐದನೆಯದು. ಕಾಯುತ್ತಿರುವವರಿಗೆ ಮುಂದಿನದನ್ನು ಕೊಡಬೇಕಾಗುತ್ತದೆ. ಅಷ್ಟು ಸರಳವಾದ ಸಂಗತಿ ನನಗೆ ಎರಡು ವರ್ಷ ಗೊತ್ತಿರಲಿಲ್ಲ.

ಅಂದಿನಿಂದ ಹೆಚ್ಚಿನ ಭಾನುವಾರಗಳಲ್ಲಿ ಅವರ ಜಗಲಿಗೆ ಹೋಗಿದ್ದೇನೆ. ಇಪ್ಪತ್ತಾರು ಅಧ್ಯಾಯಗಳಲ್ಲಿ ಹತ್ತೊಂಬತ್ತು ಮುಗಿದಿವೆ. ಫುಲ್‌ಸ್ಕೇಪ್ ಹಾಳೆಯ 212 ಮಗ್ಗುಲುಗಳಾಗಿವೆ. ದಣಪೆ (ಗಳುಗಳನ್ನು ಸರಿಸಿ ತೆರೆಯುವ ಬಾಗಿಲು), ಸಂಕ (ಕಾಲುಸೇತುವೆ), ಗೊರಬು (ಮಳೆಗೆ ಹೊದೆಯುವ ಎಲೆಯ ಹೊದಿಕೆ) ಎಂಬ ಮಾತುಗಳು ನನಗೂ ಗೊತ್ತು. ಆದರೆ ದಣಪೆಯ ಗಳುಗಳನ್ನು ಸರಿಸಿ ದನ ಒಳಬಿಟ್ಟ ಮೇಲೆ ಕೊನೆಯ ಗಳುವನ್ನು ಹೆಣ್ಣುಮಕ್ಕಳು ಕಾಲಿನಿಂದಲೇ ಮೇಲೆತ್ತಿ ಕೂರಿಸುತ್ತಿದ್ದರು, ಕೈಯಲ್ಲಿ ಸೊಪ್ಪಿನ ಹೊರೆ ಇರುತ್ತಿತ್ತಲ್ಲ ಎಂದು ಹೇಳಿದವರು ಅವರು. ಯಾವ ಅಧ್ಯಾಯದಲ್ಲಿ ಅವರು ಬೇಗ ಎದ್ದು ಒಳಗೆ ಹೋದರೋ ಅದರ ಅಂಚಿನಲ್ಲಿ ಒಂದು ಚುಕ್ಕಿ ಇಟ್ಟಿದ್ದೇನೆ. ಎರಡನೆಯ ಪ್ರತಿ ಮಾಡುವಾಗ ಮೊದಲು ಕೈಹಾಕುವುದು ಚುಕ್ಕಿ ಇಟ್ಟ ಅಧ್ಯಾಯಗಳಿಗೆ.

ನಡುವೆ ಒಮ್ಮೆ ನಿಂತೂ ಇದ್ದೆ. 2025ರ ಜುಲೈಯಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಹಿನ್ನೀರಿನ ಮೇಲೆ ಸೇತುವೆ ತೆರೆಯಿತು. ಸಿಗಂದೂರಿಗೆ ಹೋಗಲು ಲಾಂಚಿಗಾಗಿ ಕಾಯುವ ಕಾಲ ಮುಗಿಯಿತು. ಆಚೆ ದಡದವರು ಅದಕ್ಕಾಗಿ ಕಾದ ವರ್ಷಗಳನ್ನು ಬಲ್ಲ ನನಗೆ ಆ ದಿನ ತುಂಬ ಸಂತೋಷವಾಯಿತು. ಆದರೆ ಮನೆಗೆ ಬಂದು ನೋಡಿದರೆ ನನ್ನ ಮೊದಲ ಅಧ್ಯಾಯದ ಮುದುಕ ಇನ್ನೂ ಲಾಂಚಿಗಾಗಿ ಕಾಯುತ್ತ ನಿಂತಿದ್ದ. ಎಲ್ಲವನ್ನೂ ಬದಲಿಸಬೇಕೇನೋ ಎಂಬ ಗೊಂದಲದಲ್ಲಿ ಮೂರು ವಾರ ಒಂದಕ್ಷರ ಬರೆಯಲಿಲ್ಲ. ನಾಲ್ಕನೆಯ ವಾರ ಆ ಅಮ್ಮ ಮೊಮ್ಮಗನನ್ನು ಕಳಿಸಿ, ಹುಷಾರಿಲ್ಲವೇ ಎಂದು ಕೇಳಿಸಿದರು. ನಾಚಿಕೆಯಾಯಿತು. ಅಂಚಿನಲ್ಲಿ “ಸೇತುವೆ, ಆಮೇಲೆ ನೋಡಬೇಕು” ಎಂದು ಬರೆದು ಹದಿನೈದನೆಯ ಅಧ್ಯಾಯಕ್ಕೆ ಹೋದೆ. ಯಾರೂ ಕಾಯದಿದ್ದರೆ ಆ ಮೂರು ವಾರ ಮೂರು ವರ್ಷವಾಗುತ್ತಿತ್ತು ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ದಿನಕ್ಕೆ ಇಷ್ಟು ಪದ ಎಂಬ ಲೆಕ್ಕವನ್ನು ನಮ್ಮ ಹುಡುಗರು ಈಗ ಇಂಗ್ಲಿಷಿನಿಂದ ತರುತ್ತಿದ್ದಾರೆ. ಅದರ ಬಗ್ಗೆಯೂ ಒಂದು ಮಾತು. ಅಮೆರಿಕದಲ್ಲಿ 1999ರಲ್ಲಿ ಕ್ರಿಸ್ ಬೇಟಿ ಎಂಬುವರು 20 ಜನ ಗೆಳೆಯರೊಂದಿಗೆ ಸೇರಿ, ಒಂದೇ ತಿಂಗಳಲ್ಲಿ 50,000 ಪದಗಳ ಕಾದಂಬರಿಯ ಕರಡನ್ನು ಬರೆಯುವ ಸವಾಲನ್ನು ಹಾಕಿಕೊಂಡರು. ಅದು ಬೆಳೆದು ಜಗತ್ತಿನ ಎಷ್ಟೋ ದೇಶಗಳಿಗೆ ಹಬ್ಬಿತು. ಅದನ್ನು ನಡೆಸುತ್ತಿದ್ದ ಸಂಸ್ಥೆ 2025ರಲ್ಲಿ ಮುಚ್ಚುವುದಾಗಿ ಪ್ರಕಟಿಸಿತು. ತಿಂಗಳಿಗೆ 50,000 ಎಂದರೆ ದಿನಕ್ಕೆ 1,667 ಪದ. ಕನ್ನಡಕ್ಕೆ ಈ ಲೆಕ್ಕ ಹೊಂದುವುದಿಲ್ಲ. “ಹೋಗಬೇಕಾಗಿತ್ತಂತೆ” ಎಂಬುದು ನಮಗೆ ಒಂದೇ ಪದ, ಇಂಗ್ಲಿಷಿಗೆ ಅದು ಒಂದು ಇಡೀ ವಾಕ್ಯ. ಆ ಸಂಖ್ಯೆಯನ್ನು ಮುಟ್ಟಲಾಗಲಿಲ್ಲ ಎಂದು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಕರಡನ್ನು ಅರ್ಧಕ್ಕೆ ಬಿಟ್ಟದ್ದನ್ನು ಕೇಳಿ ಬೇಸರವಾಯಿತು. ನಾನು ಪದ ಎಣಿಸುವುದಿಲ್ಲ. ಹಾಳೆಯ ಎರಡು ಮಗ್ಗುಲು ತುಂಬಿದರೆ ಆ ದಿನಕ್ಕೆ ಸಾಕು. ಆದರೆ ಆ ಅಮೆರಿಕದ ಗೆಳೆಯರಿಂದ ಕಲಿಯಬೇಕಾದದ್ದು ಇಲ್ಲವೆಂದಲ್ಲ. ಅವರು ಒಬ್ಬೊಬ್ಬರಾಗಿ ಬರೆಯಲಿಲ್ಲ, ಒಬ್ಬರಿಗೊಬ್ಬರು ಲೆಕ್ಕ ಒಪ್ಪಿಸುತ್ತ ಬರೆದರು. ಅದು ಅಳತೆಗಿಂತ ದೊಡ್ಡದು.

ಬೆರಳಚ್ಚಿನ ವಿಷಯವನ್ನು ಹೆಚ್ಚು ಹೇಳುವುದಿಲ್ಲ. ಹಳೆಯ ನುಡಿ ತಂತ್ರಾಂಶದಲ್ಲಿ ಟೈಪು ಮಾಡಿದ ಎರಡು ಅಧ್ಯಾಯಗಳು ಮಗನ ಕಂಪ್ಯೂಟರಿಗೆ ಹೋದಾಗ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿದ್ದವು. ಯೂನಿಕೋಡಿಗೆ ಪರಿವರ್ತಿಸಿದಾಗ ಅರ್ಕಾವತ್ತುಗಳು ಅಲ್ಲಲ್ಲಿ ಜಾಗ ತಪ್ಪಿದ್ದವು. ಹೊಸದಾಗಿ ಬರೆಯುವವರು ಮೊದಲ ದಿನದಿಂದಲೇ ಯೂನಿಕೋಡಿನಲ್ಲಿ ಟೈಪು ಮಾಡಲಿ, ಕೈಬರಹದ ಪ್ರತಿಯನ್ನು ಎಸೆಯದಿರಲಿ.

ಈಗ ಮೂಲ ಮಾತಿಗೆ ಬರುತ್ತೇನೆ. ನನಗೆ ಸಿಕ್ಕ ಆ ಜಗಲಿ ಒಂದು ಕಾಲದಲ್ಲಿ ಕನ್ನಡದ ಬರಹಗಾರರಿಗೆಲ್ಲ ಸಿಗುತ್ತಿತ್ತು. ಅದರ ಹೆಸರು ಧಾರಾವಾಹಿ. ಈಗ ಆ ಮಾತು ಕೇಳಿದರೆ ಜನಕ್ಕೆ ಟಿ.ವಿ. ನೆನಪಾಗುತ್ತದೆ. 1965ರಲ್ಲಿ ಆರಂಭವಾದ ಸುಧಾ, 1983ರಲ್ಲಿ ಆರಂಭವಾದ ತರಂಗ, ಅವಕ್ಕಿಂತ ಹಳೆಯ ಕರ್ಮವೀರ, ಪ್ರಜಾಮತ ಇವೆಲ್ಲ ವಾರವಾರವೂ ಕಾದಂಬರಿಯ ಒಂದೊಂದು ಕಂತನ್ನು ಮನೆಗೆ ತರುತ್ತಿದ್ದವು. ನಮ್ಮ ಊರಿಗೆ ವಾರಪತ್ರಿಕೆ ಬಸ್ಸಿನಲ್ಲಿ ಬರುತ್ತಿತ್ತು. ಅಂಗಡಿಯ ಎದುರಿಗೆ ಬಸ್ಸು ನಿಲ್ಲುವ ಹೊತ್ತಿಗೆ ನಮ್ಮ ಅಕ್ಕ ನನ್ನನ್ನು ಅಲ್ಲಿಗೆ ಓಡಿಸುತ್ತಿದ್ದಳು. ಪತ್ರಿಕೆ ತಂದುಕೊಟ್ಟರೆ ಹಿಂದಿನ ಪುಟಗಳನ್ನೆಲ್ಲ ಬಿಟ್ಟು ಧಾರಾವಾಹಿಯ ಪುಟವನ್ನೇ ತೆರೆಯುತ್ತಿದ್ದಳು. ಅಡುಗೆಮನೆಯಲ್ಲಿ ಅಮ್ಮ ದೋಸೆ ಹುಯ್ಯುತ್ತಿದ್ದರೆ ಅಕ್ಕ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದುತ್ತಿದ್ದಳು. ನಾಯಕಿಯ ಮದುವೆ ಆಗುತ್ತದೋ ಇಲ್ಲವೋ ಎಂದು ಮುಂದಿನ ವಾರದವರೆಗೆ ಮನೆಯೆಲ್ಲ ಮಾತಾಡುತ್ತಿತ್ತು.

ಧಾರಾವಾಹಿ ಓದುಗರಿಗೆ ಏನು ಕೊಟ್ಟಿತೆಂದು ಬೇಕಾದಷ್ಟು ಜನ ಬರೆದಿದ್ದಾರೆ. ಬರೆಯುವವರಿಗೆ ಕೊಟ್ಟದ್ದನ್ನು ಅಷ್ಟಾಗಿ ಗಮನಿಸಿಲ್ಲ. ಬುಧವಾರಕ್ಕೆ ಕಂತು ಮುಟ್ಟಬೇಕೆಂದರೆ ಮಂಗಳವಾರ ರಾತ್ರಿ ಅದು ಮುಗಿಯಲೇಬೇಕು. ಕೆಲವರು ಪೂರ್ತಿ ಬರೆದೇ ಕಳಿಸುತ್ತಿದ್ದರು, ಕೆಲವರು ಕಂತಿಗೆ ಕಂತು ಬರೆಯುತ್ತಿದ್ದರು. ಎರಡನೆಯವರಿಗೆ ಸಂಪಾದಕರು, ಕಂಪೋಸು ಮಾಡುವವರು, ಓದುಗರು ಎಲ್ಲರೂ ಸೇರಿ ಕರಡನ್ನು ಕೈಹಿಡಿದು ದಾಟಿಸುತ್ತಿದ್ದರು. ಇದು ನಮ್ಮಲ್ಲಿ ಮಾತ್ರ ಇದ್ದ ಪದ್ಧತಿಯೂ ಅಲ್ಲ. ಇಂಗ್ಲೆಂಡಿನಲ್ಲಿ ಡಿಕನ್ಸ್ 1836ರಲ್ಲಿ ತನ್ನ ಮೊದಲ ಕಾದಂಬರಿಯನ್ನು ತಿಂಗಳ ಕಂತುಗಳಲ್ಲಿಯೇ ಹೊರತಂದ. ರಷ್ಯಾದ ದಸ್ತಯೇವ್‌ಸ್ಕಿ 1866ರಲ್ಲಿ ಪ್ರಕಾಶಕನ ಗಡುವಿಗೆ ಸಿಕ್ಕಿಬಿದ್ದು, ಶೀಘ್ರಲಿಪಿ ಬಲ್ಲ ಅನ್ನಾ ಎಂಬ ತರುಣಿಯನ್ನು ಕರೆಸಿ, ಒಂದು ಕಾದಂಬರಿಯನ್ನು 26 ದಿನಗಳಲ್ಲಿ ಹೇಳಿ ಬರೆಸಿ ಮುಗಿಸಿದ. ಗಡುವು ಅವನ ತಲೆಯ ಮೇಲಿತ್ತು ಎಂಬುದು ನಿಜ. ಆದರೆ ಪ್ರತಿ ಮಧ್ಯಾಹ್ನ ಬಾಗಿಲಿಗೆ ಬಂದು, ನಿನ್ನೆಯದನ್ನು ಚೊಕ್ಕವಾಗಿ ಬರೆದು ತಂದು, ಮುಂದೇನು ಎಂದು ಕುಳಿತ ಆ ಅನ್ನಾ ಇಲ್ಲದಿದ್ದರೆ ಅದು ಮುಗಿಯುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ.

ನಮ್ಮ ಸಣ್ಣಕಥೆಯನ್ನು ನೋಡಿ. ಅದು ಇಂದಿಗೂ ಚೆನ್ನಾಗಿ ಬೆಳೆಯುತ್ತಿದೆ. ದೀಪಾವಳಿ, ಯುಗಾದಿ ವಿಶೇಷಾಂಕಗಳ ಕಥಾಸ್ಪರ್ಧೆಗಳು ಅದಕ್ಕೆ ಮುಖ್ಯ ಕಾರಣವೆಂದು ನಾನು ತಿಳಿದಿದ್ದೇನೆ. ಬಹುಮಾನ ಎಲ್ಲರಿಗೂ ಬರುವುದಿಲ್ಲ. ಆದರೆ ಕೊನೆಯ ದಿನಾಂಕ ಎಲ್ಲರಿಗೂ ಬರುತ್ತದೆ. ಆ ದಿನಾಂಕಕ್ಕಾಗಿ ಪ್ರತಿ ವರ್ಷ ರಾಜ್ಯದ ಮೂಲೆಮೂಲೆಗಳಲ್ಲಿ ಕಥೆಗಳು ಮುಗಿಯುತ್ತವೆ. ಕಾದಂಬರಿಗೆ ಅಂಥ ದಿನಾಂಕ ಇಂದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಗೆ ಸಹಾಯಧನ ಕೊಡುತ್ತದೆ. ಅಚ್ಚಾದ ಪುಸ್ತಕಕ್ಕೆ ಅಕಾಡೆಮಿಯ ಬಹುಮಾನವಿದೆ, ಗ್ರಂಥಾಲಯ ಇಲಾಖೆಯ ಖರೀದಿ ಇದೆ, ಬಿಡುಗಡೆಯ ದಿನ ಹಾರ ತುರಾಯಿ ಇದೆ. ಇವೆಲ್ಲ ದಡ ಮುಟ್ಟಿದವರಿಗೆ ಸಿಗುವ ನೆರವು. ನಡುಹೊಳೆಯಲ್ಲಿ ಇರುವವರಿಗೆ ಒಂದು ಹಗ್ಗವೂ ಇಲ್ಲ. ಒಬ್ಬ ಪ್ರಕಾಶಕರನ್ನು ನಾನು ಆರಂಭದಲ್ಲಿ ಕಂಡಾಗ ಅವರು ಸೌಜನ್ಯದಿಂದಲೇ, “ಮುಗಿಸಿಕೊಂಡು ಬನ್ನಿ ಸಾರ್, ಆಮೇಲೆ ನೋಡೋಣ” ಎಂದರು. ಅವರ ವ್ಯವಹಾರದಲ್ಲಿ ಅದು ತಪ್ಪಲ್ಲ. ಆದರೆ ಮುಗಿಸುವುದು ಹೇಗೆ ಎಂಬುದನ್ನು ಕೇಳಲು ನಮ್ಮ ನಾಡಿನಲ್ಲಿ ಯಾವ ಬಾಗಿಲೂ ಇಲ್ಲ ಎಂಬುದು ಅಂದು ಮೆಟ್ಟಿಲು ಇಳಿಯುವಾಗ ನನ್ನ ಮನಸ್ಸಿಗೆ ತಟ್ಟಿತು.

ಆದ್ದರಿಂದ ನನ್ನ ಮೊದಲ ಕೋರಿಕೆ ತಮ್ಮಲ್ಲಿಯೇ. ಭಾನುವಾರದ ಪುರವಣಿಯಲ್ಲಿ ಅರ್ಧ ಪುಟವನ್ನು ಮೊದಲ ಕಾದಂಬರಿಗಾಗಿ ಮೀಸಲಿಡಿ. ಈವರೆಗೆ ಯಾವ ಕಾದಂಬರಿಯನ್ನೂ ಪ್ರಕಟಿಸದವರಿಗೆ ಮಾತ್ರ ಅದು ತೆರೆದಿರಲಿ. ಹತ್ತು ಅಧ್ಯಾಯ ಕೈಯಲ್ಲಿದ್ದವರನ್ನು ಆರಿಸಿ, ಉಳಿದದ್ದನ್ನು ಕಂತು ನಡೆಯುತ್ತಿರುವಂತೆಯೇ ಬರೆಯಿಸಿ. ವಾರಕ್ಕೆ 1,200 ಪದ ಸಾಕು. ಅರ್ಧ ಪುಟಕ್ಕೆ ಅದಕ್ಕಿಂತ ಹೆಚ್ಚು ಹಿಡಿಸಲಾರದು. ಸಂಭಾವನೆ ಅಲ್ಪವಾದರೂ ನಡೆಯುತ್ತದೆ, ದಿನ ಮಾತ್ರ ಗಟ್ಟಿಯಾಗಿರಲಿ. ಓದುಗರ ಪತ್ರಗಳಲ್ಲಿ ಎರಡು ಮೂರನ್ನು ಆಯಾ ಕಂತಿನ ಕೆಳಗೆ ಹಾಕಿದರೆ ಬರೆಯುವವರಿಗೆ ತಮ್ಮ ಮಾತು ಎಲ್ಲಿ ಮುಟ್ಟಿತು, ಎಲ್ಲಿ ತಪ್ಪಿತು ಎಂಬುದು ತಿಳಿಯುತ್ತದೆ. ಜಾಹೀರಾತಿನ ಒತ್ತಡವನ್ನು ನಾನು ಬಲ್ಲೆ. ಆದರೂ ಪತ್ರಿಕೆಯನ್ನು ಮುಂದಿನ ವಾರವೂ ಕೊಳ್ಳುವಂತೆ ಮಾಡುವ ಶಕ್ತಿ ಕಥೆಗೆ ಇತ್ತೆಂಬುದು ನಿಮ್ಮ ಉದ್ಯಮದ ಹಿರಿಯರಿಗೆ ಗೊತ್ತಿರುವ ವಿಷಯ. ಇದು ನನಗಾಗಿ ಕೇಳುವುದಲ್ಲ. ನನಗೆ ಜಗಲಿ ಸಿಕ್ಕಿದೆ. ಆ ನನ್ನ ವಿದ್ಯಾರ್ಥಿನಿಗೆ ಸಿಕ್ಕಿಲ್ಲ.

ಎರಡನೆಯದು ಗ್ರಂಥಾಲಯಗಳ ಬಗ್ಗೆ. ನಮ್ಮ ರಾಜ್ಯದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಅಡಿಯಲ್ಲಿ ಆಸ್ತಿ ತೆರಿಗೆಯ ಮೇಲೆ ಶೇಕಡ 6ರಷ್ಟು ಗ್ರಂಥಾಲಯ ಉಪಕರವನ್ನು ಜನರೇ ಕೊಡುತ್ತಿದ್ದಾರೆ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳನ್ನು ಅರಿವು ಕೇಂದ್ರಗಳೆಂದು ಕರೆದು ಅವುಗಳಿಗೆ ಹೊಸ ರೂಪ ಕೊಟ್ಟಿರುವುದು ಒಳ್ಳೆಯ ಕೆಲಸ. ಅಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳಿಗೆ ಮೇಜು ಇದೆ, ಇರಲೇಬೇಕು. ತಿಂಗಳಿಗೆ ಒಂದು ಸಂಜೆ ಎರಡು ತಾಸು ಬಾಗಿಲು ತೆರೆದಿಟ್ಟು, ಆ ಊರಿನಲ್ಲಿ ಏನನ್ನಾದರೂ ಬರೆಯುತ್ತಿರುವವರು ಮುಗಿಯದ ಒಂದು ಅಧ್ಯಾಯವನ್ನು ಓದಲು, ಬಂದವರು ಕೇಳಲು ಅವಕಾಶ ಮಾಡಿಕೊಟ್ಟರೆ ಅದಕ್ಕೆ ಹೊಸ ಅನುದಾನ ಬೇಡ. ಒಂದು ಜಮಖಾನ, ಒಂದು ದೀಪ, ಗ್ರಂಥಪಾಲಕರಿಗೆ ಆ ಸಂಜೆಯ ಸಣ್ಣ ಗೌರವಧನ ಸಾಕು. ನಮ್ಮ ಸೀಮೆಯಲ್ಲಿ ರಾತ್ರಿಯೆಲ್ಲ ತಾಳಮದ್ದಳೆಯನ್ನು ಕೇಳುವ ಜನ ಇನ್ನೂ ಇದ್ದಾರೆ. ಕೇಳುವ ಕಿವಿ ಕೆಟ್ಟಿಲ್ಲ.

ತೀರ್ಥಹಳ್ಳಿಯಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರು ಕಾದಂಬರಿ ಬರೆಯಲು ಆರಂಭಿಸಿದ್ದು ನಲವತ್ತೈದರ ಸುಮಾರಿಗೆ. ಅವರ ಮೊದಲ ಕಾದಂಬರಿ ಪ್ರಕಟವಾದದ್ದು 1963ರಲ್ಲಿ. ಮನೆ, ಮಕ್ಕಳು, ಅಡುಗೆ ಇವೆಲ್ಲವನ್ನೂ ದಾಟಿ ಬಂದ ಮೇಲೆ ಅವರ ಕೈಯಿಂದ ಮಲೆನಾಡಿನ ಹೆಣ್ಣುಮಕ್ಕಳ ಮಾತು ಕನ್ನಡಕ್ಕೆ ಬಂತು. ಅಂಥ ವಯಸ್ಸಿನಲ್ಲಿ, ಅಂಥ ಮನೆಗಳಲ್ಲಿ ಇಂದೂ ನೋಟ್‌ಬುಕ್ ತೆರೆಯುತ್ತಿರುವವರು ಇದ್ದಾರೆ. ನನ್ನ ಜೊತೆ ಕೆಲಸ ಮಾಡಿದ ಶಿಕ್ಷಕಿಯರಲ್ಲಿಯೇ ಇಬ್ಬರನ್ನು ನಾನು ಬಲ್ಲೆ. ಒಬ್ಬರು ಅರವತ್ತು ಪುಟ ಬರೆದು, ಯಾರಿಗೂ ತೋರಿಸದೆ, ಅದನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದಾರೆ. ಕೇಳಿದರೆ, “ಇನ್ನೂ ಸರಿಯಾಗಿಲ್ಲ” ಎನ್ನುತ್ತಾರೆ. ಸರಿಯಾಗುವುದಕ್ಕೆ ಮೊದಲು ಅದು ಮುಗಿಯಬೇಕು ಎಂದು ನಾನು ಹೇಳಿದ್ದೇನೆ. ಈಚೆಗೆ ಅವರೂ ಒಂದು ಭಾನುವಾರ ಆ ಜಗಲಿಗೆ ಬಂದು, ಡಬ್ಬದ ಹಿಂದಿನ ಕಟ್ಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕುಳಿತಿದ್ದರು. ಓದಲಿಲ್ಲ. ಮುಂದಿನ ಸಲ ಓದುತ್ತೇನೆಂದು ಹೇಳಿ ಹೋದರು.

ಬರುವ ಭಾನುವಾರ ನಾನು ಓದಬೇಕಾದದ್ದು ಇಪ್ಪತ್ತನೆಯ ಅಧ್ಯಾಯ. ಎರಡನೆಯ ಮಳೆಗಾಲದಲ್ಲಿ ನೀರು ಅಂಗಳ ದಾಟಿ ಜಗಲಿಯ ಮೊದಲ ಮೆಟ್ಟಿಲಿಗೆ ಬರುವ ದಿನ ಅದರಲ್ಲಿದೆ. ಐದು ಮಗ್ಗುಲು ಆಗಿದೆ, ಇನ್ನು ಐದಾರು ಉಳಿದಿವೆ. ಆ ದಿನ ಮನೆಯವರು ಕೊನೆಯದಾಗಿ ಹೊರಗೆ ತಂದದ್ದು ಏನನ್ನು ಎಂದು ಬರೆಯದೆ ಜಾಗ ಬಿಟ್ಟಿದ್ದೇನೆ. ಕೇಳಿದ್ದಕ್ಕೆ ಆ ಅಮ್ಮ, “ಮೊದ್ಲು ನೀವು ಬರ್ಕೊಂಡ್ ಬನ್ನಿ, ಆಮೇಲೆ ಹೇಳ್ತೆ” ಎಂದಿದ್ದಾರೆ.

ಇತಿ ತಮ್ಮ ವಿಶ್ವಾಸಿ,

ಒಬ್ಬ ನಿವೃತ್ತ ಕನ್ನಡ ಶಿಕ್ಷಕ
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ